ಗೋಡೆ ಮಾಯ ಮಾಡಿದ್ರೆ ಮುತ್ತಿಗೆ ಮುಗೀತಾ?

ಸಾಕಾಗೋಯ್ತು ಗುರು. ಮುತ್ತಿಗೆ ಅಂದ್ರೆ ಗೋಡೆ ಒಡೆಯೋದು ಅಷ್ಟೇ ಅಂತ ಈ ಜನಕ್ಕೆ ಯಾರು ಹೇಳ್ಕೊಟ್ರೋ.

ನಾವು ಆಡ್ತಿರೋದು ಆರ್ಸ್ ಮ್ಯಾಜಿಕಾ, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಮಾತಲ್ಲೇ ಕಥೆ ಕಟ್ತಾ ಡೈಸ್ ಉರುಳಿಸೋ ಆಟ, 1220ರ ಯೂರೋಪು, ಇತಿಹಾಸ ಹೆಚ್ಚುಕಮ್ಮಿ ಇದ್ದ ಹಾಗೇ, ಜೊತೆಗೆ ಮಾಂತ್ರಿಕರು ದೆವ್ವಗಳು ಎಲ್ಲಾ ನಿಜ. ಕಥೆ ನಡೆಸೋ ಕರ್ಮ ನಂದು. ಆಡ್ತಾ ಆಡ್ತಾ 1224ಕ್ಕೆ ಬಂದ್ವಿ, ಸರಿ ಇಂಗ್ಲೆಂಡಿನ ಬೆಡ್‌ಫರ್ಡ್ ಕೋಟೆ ಮುತ್ತಿಗೆ ಆಡಿಸೋಣ ಅಂತ ನಿದ್ದೆಗೆಟ್ಟು ಓದಿ ನೋಟ್ಸ್ ಮಾಡಿ ಮ್ಯಾಪ್ ಬರ್ಕೊಂಡು ಕೂತ್ರೆ, ನಮ್ಮ ಗುಂಪಿನ ಮಹಾಮಾಂತ್ರಿಕ ಶುರುವಲ್ಲೇ "ಪೆರ್ಡೋ ಟೆರಾಂ, ಗೋಡೆ ಮಾಯ, ನೆಕ್ಸ್ಟ್?" ಅಂತಾನೆ. ಮಣ್ಣು ಕಲ್ಲು ನಾಶ ಮಾಡೋ ಮಂತ್ರ ಅದು. ನೆಕ್ಸ್ಟ್ ಅಂತೆ!

ಅಲ್ಲಪ್ಪ, ಅಲ್ಲಿ ಏನಾಗ್ತಿದೆ ಅಂತಾದ್ರೂ ಕೇಳು. ಫಾಕ್ಸ್ ಡ ಬ್ರೋತೆ ಅನ್ನೋ ಸರದಾರನ ಕೋಟೆ, ಅವನ ತಮ್ಮ ರಾಜನ ನ್ಯಾಯಾಧೀಶನನ್ನೇ ಎತ್ತಾಕ್ಕೊಂಡು ಬಂದು ಒಳಗೆ ಕೂಡಿಹಾಕಿದಾನೆ, ಹೊರಗೆ ರಾಜ ಮೂರನೇ ಹೆನ್ರಿ, ಇನ್ನೂ 16 ವರ್ಷದ ಹುಡುಗ, ಉರಿದುಬೀಳ್ತಾ ನಿಂತಿದಾನೆ, ಆರ್ಚ್‌ಬಿಷಪ್ ಒಳಗಿದ್ದೋರಿಗೆಲ್ಲ ಬಹಿಷ್ಕಾರ ಹಾಕಾಯ್ತು. ಸುಮಾರು ಎಂಟು ವಾರ ನಡೀತು ಇದು. ಮೊದಲು ಮುಂಬಾಗಿಲ ಕಟ್ಟಡ, ಆಮೇಲೆ ಹೊರ ಅಂಗಳ, ಅಲ್ಲಿದ್ದ ಕುದುರೆ ಎತ್ತು ಹಂದಿ ಎಲ್ಲಾ ರಾಜನ ಪಾಲು, ಆಮೇಲೆ ಸುರಂಗ ತೋಡಿ ಒಳಗೋಡೆ, ಕೊನೆಗೆ ನಡುವಿನ ಗೋಪುರದ ಬುಡಕ್ಕೇ ಬೆಂಕಿ ಇಟ್ಟು ಹೊಗೆ ಬಿರುಕಲ್ಲಿ ಮೇಲೆ ಬಂದ್ಮೇಲೆ ಶರಣಾದ್ರು. 80ಕ್ಕಿಂತ ಜಾಸ್ತಿ ಜನರನ್ನ ನೇಣಿಗೆ ಹಾಕಿದ್ರು. ಇವನು ಒಂದು ಗೋಡೆ ಮಾಯ ಮಾಡಿದ, ಮಿಕ್ಕಿದ್ದು? ಆ ಸಂದಿಯಲ್ಲಿ ಮೊದಲು ನುಗ್ಗೋನು ಯಾರು? ಎದುರಿಗೆ ಕ್ರಾಸ್‌ಬೋ ಹಿಡ್ಕೊಂಡು ನಿಂತಿರೋರು ಗೋಡೆ ಹೋಯ್ತು ಅಂತ ಮನೆಗೆ ಹೋಗ್ತಾರಾ?

ಅದೂ ಬಿಷಪ್ಪುಗಳ ಕಣ್ಣೆದುರಿಗೇ! ಲೌಕಿಕರ ವ್ಯವಹಾರಕ್ಕೆ ಕೈ ಹಾಕಿ ಮಿಕ್ಕ ಮಾಂತ್ರಿಕರ ತಲೆಗೆ ತರಬಾರದು ಅಂತ ಪ್ರತಿಯೊಬ್ಬ ಮಾಂತ್ರಿಕನೂ ಪ್ರಮಾಣ ಮಾಡಿರ್ತಾನೆ, ಚರ್ಚಿನ ಪ್ರಭಾವ ಇರೋ ಜಾಗದಲ್ಲಿ ಮಂತ್ರ ಕುಗ್ಗುತ್ತೆ ಅಂತಾನೂ ರೂಲಲ್ಲೇ ಇದೆ, ನಾನು ಸೃಷ್ಟಿ ಮಾಡಿದ್ದಲ್ಲ. ಇದನ್ನ ಹೇಳಿದ್ರೆ "ನೀನು ಬೇಕಂತ್ಲೇ ಅಡ್ಡಗಾಲು ಹಾಕ್ತಿದೀಯ, ನಿನ್ನ ಕಥೇನೇ ನಡೀಬೇಕು ಅಂತ ಹಠ ನಿಂದು" ಅಂತ ನನಗೇ ಬೈಗುಳ. ರೂಲ್‌ಬುಕ್ ಓದ್ದೆ ಇರೋನು ಹೀರೋ, ಓದ್ಕೊಂಡು ಬಂದೋನು ವಿಲನ್.

ಇನ್ನೊಬ್ಬ "ಮುತ್ತಿಗೆ ಬೋರು, ಎಂಟು ವಾರ ಏನ್ ಮಾಡೋದು" ಅಂತ ಫೋನಲ್ಲಿ ರೀಲ್ಸ್ ನೋಡ್ತಾ ಕೂತ. ಏನ್ ಮಾಡೋದಾ? 1215ರಲ್ಲಿ ಇಂಗ್ಲೆಂಡಿನ ರೋಚೆಸ್ಟರ್ ಕೋಟೆ ಮುತ್ತಿಗೆಯಲ್ಲಿ ಜಾನ್ ರಾಜ 40 ಕೊಬ್ಬಿದ ಹಂದಿ ಕಳಿಸಿ ಅಂತ ಬರೆದ, ಅದೂ ತಿನ್ನೋಕೆ ಲಾಯಕ್ಕಿಲ್ಲದ್ದೇ ಆಗ್ಲಿ ಅಂತ, ಯಾಕೆ, ಗೋಪುರದ ಅಡಿ ತೋಡಿದ ಸುರಂಗಕ್ಕೆ ಆಸರೆ ಕೊಟ್ಟಿದ್ದ ಮರದ ಕಂಬಗಳಿಗೆ ಆ ಕೊಬ್ಬಿಂದ ಬೆಂಕಿ ಹಚ್ಚೋಕೆ. ಗೋಪುರದ ಒಂದು ಮೂಲೆ ಕುಸೀತು, ಆಮೇಲೆ ಕಟ್ಟಿದ ಆ ಮೂಲೆ ಈಗ್ಲೂ ದುಂಡಗಿದೆ, ಮಿಕ್ಕ ಮೂರು ಚೌಕ. ಈಗ ಹೇಳಿ, ಆ ಸುರಂಗದಲ್ಲಿ ಒಬ್ಬ ಮಾಂತ್ರಿಕ ಸದ್ದಿಲ್ದೆ ಬೆಂಕಿಯ ಒಂದು ಸಣ್ಣ ಸ್ಪೆಲ್ ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ? ಹಂದೀನೂ ಉಳೀತು, ಪ್ರಮಾಣಾನೂ ಉಳೀತು. 1210ರಲ್ಲಿ ಫ್ರಾನ್ಸಿನ ಮಿನರ್ವ್ ಊರು ಬಿದ್ದಿದ್ದೇ ಬಾವಿಗೆ ಹೋಗೋ ದಾರಿ ಕಲ್ಲೇಟಿಗೆ ಹಾಳಾಗಿ ನೀರಿಲ್ದೆ. ಬಾವಿ ಕೆಡಿಸೋದು, ಉಗ್ರಾಣದ ಕಾಳಿಗೆ ಹುಳ ಬೀಳಿಸೋದು, ರಾತ್ರಿ ಕಾವಲುಗಾರನಿಗೆ ನಿದ್ದೆ ಬರ್ಸೋದು, ಒಳಗೂ ಒಬ್ಬ ಮಾಂತ್ರಿಕ ಇದಾನೇನೋ ಅಂತ ಭಯ ಪಟ್ಕೊಳೋದು, ಎಷ್ಟೊಂದಿದೆ ಆಡೋಕೆ! ಆದ್ರೆ ಇಲ್ಲ, ಇವರಿಗೆ ಢಮಾರ್ ಅನ್ಬೇಕು, ಇಪ್ಪತ್ತು ಡೈಸ್ ಉರುಳ್ಬೇಕು.

ಗುಂಪಲ್ಲಿ ತಲೆ ಓಡಿಸಿದ್ದು ಒಬ್ಳೇ ಒಬ್ಳು, ಅವಳ್ದು ಮಾಂತ್ರಿಕರ ಕ್ಯಾರೆಕ್ಟರೂ ಅಲ್ಲ, ಬರೀ ಗ್ರಾಗ್, ಕಾವಲು ಕಾಯೋ ಸಿಪಾಯಿ. "ಓಬವ್ವನ ಕಿಂಡಿ ಥರ ಇಲ್ಲೂ ಏನಾದ್ರೂ ಇರತ್ತಾ, ಸುತ್ತ ಒಂದು ರೌಂಡ್ ಹೊಡ್ಕೊಂಡು ಬರ್ಲಾ?" ಅಂದ್ಲು. ಕಾಲಿಗೆ ಬೀಳೋಣ ಅನ್ನಿಸ್ತು. 1204ರಲ್ಲಿ ಇಂಗ್ಲೆಂಡ್ ರಾಜನ ಶಾತೋ ಗಯ್ಯಾರ್ ಕೋಟೆಗೆ ಫ್ರೆಂಚರು ಪಾಯಿಖಾನೆ ಕೊಳವೆ ಹತ್ತಿ ನುಗ್ಗಿದ್ರು ಅನ್ನೋ ಕಥೇನೇ ಇದೆಯಲ್ಲ. ಅವಳ ಮಾತು ಮುಗಿಯೋ ಮುಂಚೆ ಇವನು "ಅದೆಲ್ಲ ಯಾಕೆ, ನನ್ಹತ್ರ ಸ್ಪೆಲ್ ಇದೆ" ಅಂತ ಬಾಯಿ ಹಾಕ್ದ. ಅವಳು ಮೈಕ್ ಮ್ಯೂಟ್ ಮಾಡ್ಕೊಂಡು ಕೂತ್ಲು, ಅವತ್ತು ಮತ್ತೆ ಮಾತಾಡ್ಲಿಲ್ಲ. ನಂಗೆ ಉರಿದಿದ್ದು ಗೋಡೆಗಲ್ಲ, ಇದಕ್ಕೆ.

ಇವತ್ತು ವಾಟ್ಸಾಪಲ್ಲಿ ಮಹಾನುಭಾವನ ಮೆಸೇಜು: "ಗೋಡೆ ಬೇಡ ಅಂದ್ರೆ ಬಿಡು, ರಾಜನ್ನೇ ಕಪ್ಪೆ ಮಾಡ್ಬಿಡ್ಲಾ?" ನಾವಿರೋದೇ ರಾಜನ ಕಡೆ ಕಣೋ!