ಹೆಕ್ಟೇರಿನ ಜರಡಿ

ಅರಣ್ಯ ಹೊದಿಕೆಯ ಅದೇ ಹಸಿರು ನಕಾಶೆ ಮತ್ತೆ, ಎಲ್ಲ ವಾಟ್ಸಾಪ್ ಗುಂಪಲ್ಲೂ. ಕೆಳಗೊಂದು ಸಾಲು: ‘ಘಟ್ಟದ ಕಾಡು ಚೆನ್ನಾಗೇ ಇದೆ, ಸುಮ್ಮನೆ ಹೆದರಿಸಬೇಡಿ.’ ಫಾರ್ವರ್ಡ್ ಮಾಡುವ ಮೊದಲು ಆ ಹಸಿರನ್ನು ಯಾವ ಅಳತೆಗೋಲಲ್ಲಿ ಅಳೆದರು ಅಂತ ಒಬ್ಬರಾದರೂ ಕೇಳಬಾರದೇ?

ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಕನಿಷ್ಠ ಒಂದು ಹೆಕ್ಟೇರ್ ಜಾಗ ಇದ್ದು, ಅದರ ಶೇ. 10ರಷ್ಟನ್ನಾದರೂ ಮರಗಳ ನೆತ್ತಿ, ಅಂದರೆ ಕೊಂಬೆ-ಎಲೆಗಳ ಚಪ್ಪರ, ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಮರ ಯಾವುದು, ಜಾಗ ಯಾರದ್ದು, ಕೇಳುವಂತಿಲ್ಲ. ಉಪಗ್ರಹ ಚಿತ್ರದ ಒಂದು ಚುಕ್ಕೆ 23.5 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕಕ್ಕೆ ಐದೂವರೆ ಗುಂಟೆ. ಅಲ್ಲಿಂದ ನೋಡಿದರೆ ಕೊಡಗಿನ ಕಾಫಿ ತೋಟದ ನೆರಳಿನ ಮರವೂ ಹಸಿರೇ, ನೀಲಗಿರಿ ತೋಪೂ ಹಸಿರೇ. ತೋಟದ ಅತ್ತಿ, ಹಲಸು ಕಡಿದು ಸಿಲ್ವರ್ ಓಕ್ ನೆಟ್ಟು, ನಾಲ್ಕು ವರ್ಷ ಬಿಟ್ಟರೆ ನಕಾಶೆಗೆ ಏನೂ ಆಗಿಲ್ಲ. ಅತ್ತಿಹಣ್ಣು ನಂಬಿದ ಮಂಗಟ್ಟೆ ಹಕ್ಕಿಗೆ ಆಗಿದೆ. ಅದಕ್ಕೆ ವಾಟ್ಸಾಪ್ ಇಲ್ಲ.

ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ನೋಡಿ. ಹಳ್ಳದ ಗುಂಟ ಕಿರಿದಾದ ಪಟ್ಟಿ; ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿಯುವ ಬೇರುಗಳು. ಇಂಥ ಜಡ್ಡಿಯ ಮೇಲ್ಭಾಗದಲ್ಲಿ ಅಡಿಕೆ ತೋಟಕ್ಕೆ ನೀರು ತಿರುಗಿಸಿದರೆ ಕೆಸರು ಒಣಗುತ್ತದೆ, ಹೊಸ ಸಸಿ ಏಳುವುದಿಲ್ಲ. ಸುತ್ತಲಿನ ಕಾಡು ದಟ್ಟವಾಗಿಯೇ ಇರುವುದರಿಂದ ನಕಾಶೆಯ ಚುಕ್ಕೆ ಹಸಿರಾಗಿಯೇ ಉಳಿಯುತ್ತದೆ. ಈ ಲೆಕ್ಕದ ಜರಡಿಯ ಕಣ್ಣು ಅಷ್ಟು ದೊಡ್ಡದು.

‘ಉಪಗ್ರಹ ಇಲ್ಲದೆ ಇಡೀ ದೇಶ ಅಳೆಯೋದು ಹೇಗೆ ಸ್ವಾಮಿ?’ ಅಳೆಯಿರಿ. ಎಲ್ಲಿ ದೊಡ್ಡದಾಗಿ ಬೋಳಾಯಿತು ಎಂದು ತಿಳಿಯಲು ಅದೇ ಸರಿ. ಕಾಡಿನ ಆರೋಗ್ಯದ ಸರ್ಟಿಫಿಕೇಟು ಅದರಿಂದ ಕೊಡಬೇಡಿ ಅಂದೆ, ಅಷ್ಟೇ.

ನೆಲದಲ್ಲಿ ಅಳೆಯುವವರೂ ಸಾಚಾ ಅಲ್ಲ. ಒಬ್ಬರು ಒಂದು ಹೆಕ್ಟೇರಲ್ಲಿ ಎಷ್ಟು ಜಾತಿಯ ಮರ ಎಂದು ಎಣಿಸುತ್ತಾರೆ, ಇನ್ನೊಬ್ಬರು ಅದರ ಹತ್ತನೇ ಒಂದು ಭಾಗದಲ್ಲಿ, ಆಮೇಲೆ ಹೋಲಿಕೆ! ಜಾಗ ಹಿಗ್ಗಿದಂತೆ ಜಾತಿಗಳ ಸಂಖ್ಯೆಯೂ ಏರುತ್ತದೆ, ದೊಡ್ಡ ಚೌಕವೇ ಗೆಲ್ಲುತ್ತದೆ. ಎರಡೂ ಕಡೆ ಅಷ್ಟಷ್ಟೇ ಮರಗಳಿಗೆ ಲೆಕ್ಕ ಇಳಿಸಿ, ಅವುಗಳಲ್ಲಿ ಎಷ್ಟು ಜಾತಿ ಎಂದು ಹೋಲಿಸಬೇಕು. ಎಣಿಸಲು ನೆಲದಲ್ಲಿ ಚೌಕ ಗುರುತಿಸಬೇಕು: ಮರಕ್ಕೆ 20 ಮೀಟರ್ ಚೌಕ, ಅದರೊಳಗೆ ಎಳೆಮರಕ್ಕೆ 5 ಮೀಟರಿನವು, ಮೊಳಕೆಗೆ 1 ಮೀಟರಿನವು. ಒಂದೇ ಕಡೆ ಹಾಕಿ ತಾಲ್ಲೂಕಿನ ಕಥೆ ಹೇಳಬಾರದು. ಗುಡ್ಡದ ನೆತ್ತಿ, ಇಳಿಜಾರು, ಹಳ್ಳದಂಚು ಎಲ್ಲ ಕಡೆ ಬೇಕು. ದೊಡ್ಡ ಚೌಕದಲ್ಲಿ ಮರ ತುಂಬಿ, ಸಣ್ಣ ಚೌಕಗಳು ಖಾಲಿ ಬಂದರೆ ಅಲ್ಲಿ ದನ ಮೇಯುತ್ತಿದೆಯೋ, ಬೆಂಕಿ ಬೀಳುತ್ತಿದೆಯೋ ಹುಡುಕಬೇಕು. ನಕಾಶೆಗೆ ಅದು ಗೊತ್ತಾಗುವುದು ಆ ಮರಗಳು ಸತ್ತ ಮೇಲೆ.

ಇನ್ನು ಮುಂದೆ ಹಸಿರು ನಕಾಶೆ ಹಾಕುವವರು ಚುಕ್ಕೆಯ ಗಾತ್ರ, ಕನಿಷ್ಠ ವಿಸ್ತೀರ್ಣ, ತೋಟ ಸೇರಿದೆಯೋ ಇಲ್ಲವೋ, ಇಷ್ಟು ಬರೆದು ಹಾಕಿ. ಆಗದಿದ್ದರೆ ಗುಡ್ ಮಾರ್ನಿಂಗ್ ಹೂವನ್ನೇ ಕಳಿಸಿ, ಬೇಜಾರಿಲ್ಲ.