ಅಳಿಸಿದ ಫೈಲಿಗೆ ಮತ್ತೆ ಜೀವ ಕೊಡುವ ಮುನ್ನ ಒಂದು ಮಾತು ಕೇಳಬಾರದೇ?

ಇದು ಮೂರನೆಯ ಸಲ. ಇನ್ನು ನನ್ನಿಂದ ಸಹಿಸಲಾಗದು.

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿಯ ಲೆಕ್ಕ ಬರೆಯುವ ತಂತ್ರಾಂಶವೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ರೊಬಸ್ಟಾ ಚೆರ್ರಿಯ 50 ಕೆಜಿ ಮೂಟೆಯಿಂದ 26 ಕೆಜಿ ಬೀಜ ಬಂತೋ 28 ಕೆಜಿ ಬಂತೋ ಎಂಬುದರ ಮೇಲೆ ಬೆಳೆಗಾರರ ಕೈಗೆ ಸೇರುವ ಹಣ ನಿಂತಿದೆ. ಮೂಟೆಗೆ ಒಂದೇ ದರ ಹಾಕುತ್ತಿದ್ದ ಹಳೆಯ ಫೈಲನ್ನು, ಔಟ್‌ಟರ್ನ್ (ಮೂಟೆಯಿಂದ ಸಿಗುವ ಬೀಜದ ತೂಕ) ಲೆಕ್ಕವನ್ನು ಹೊಸದಾಗಿ ಬರೆದ ಮೇಲೆ, ಕಾರಣವನ್ನೂ ಕಮಿಟ್ ಸಂದೇಶದಲ್ಲಿ (ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಟಿಪ್ಪಣಿಯಲ್ಲಿ) ನಮೂದಿಸಿ ಅಳಿಸಿದ್ದೆ.

ಅದೇ ಹೊತ್ತಿಗೆ ಸಹೋದ್ಯೋಗಿಯೊಬ್ಬರು ತಮ್ಮ ಬ್ರಾಂಚಿನಲ್ಲಿ (ಕೋಡಿನ ತಮ್ಮದೇ ಪ್ರತ್ಯೇಕ ಕವಲಿನಲ್ಲಿ) ಆ ಹಳೆಯ ಫೈಲಿನ ಒಂದೇ ಒಂದು ಸಾಲನ್ನು, ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಸಾಲನ್ನು, ತಿದ್ದಿದ್ದರು. ಮುಖ್ಯ ಬ್ರಾಂಚನ್ನು ತಮ್ಮದರೊಂದಿಗೆ ಮರ್ಜ್ ಮಾಡಿಕೊಂಡಾಗ (ಬೆಸೆದಾಗ), ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ಸಾಧನ, ಒಂದು ಕಡೆ ಅಳಿಸಲಾಗಿದೆ, ಇನ್ನೊಂದು ಕಡೆ ಬದಲಾಗಿದೆ ಎಂದು ತಿಳಿಸಿ, ಬದಲಾದ ಪ್ರತಿಯನ್ನು ಫೋಲ್ಡರಿನಲ್ಲೇ ಬಿಟ್ಟು ನಿಂತಿತು. ಇಂಥ ಕಾನ್‌ಫ್ಲಿಕ್ಟಿನಲ್ಲಿ (ಬದಲಾವಣೆಗಳ ಘರ್ಷಣೆಯಲ್ಲಿ) ಫೈಲಿನೊಳಗೆ, ಘರ್ಷಣೆಯ ಜಾಗ ತೋರಿಸುವ ಎಂದಿನ ಬಾಣದ ಗುರುತುಗಳು ಇರುವುದಿಲ್ಲ. ಅವರು ಗುರುತು ಹುಡುಕಿದರು, ಕಾಣಲಿಲ್ಲ, 'ಗಿಟ್ ಆ್ಯಡ್' ಎಂದು ಬರೆದು ಮುಂದೆ ಚುಕ್ಕಿಯಿಟ್ಟು ಕಮಿಟ್ ಮಾಡಿದರು. ಆ ಆಜ್ಞೆಯ ಅರ್ಥ 'ಈ ಫೈಲ್ ಉಳಿಯಲಿ' ಎಂದು! ಬೇಡವೆನ್ನಲು 'ಗಿಟ್ ಆರ್‌ಎಂ' ಕೊಡಬೇಕಿತ್ತು.

ಫೋಲ್ಡರಿನಲ್ಲಿರುವ ಲೆಕ್ಕದ ಫೈಲುಗಳನ್ನೆಲ್ಲ ನಮ್ಮ ತಂತ್ರಾಂಶ ಒಂದೊಂದಾಗಿ ಓದುವುದರಿಂದ ಹೊಸ ಲೆಕ್ಕದ ಬದಲು ಹಳೆಯ ಫೈಲಿನ ಒಂದೇ ದರ ಚೀಟಿಗೆ ಬಂತು. ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಚೀಟಿ ಹಿಡಿದು ಬಂದು, 28 ಬಂದ ತಮ್ಮ ಕಾಫಿಗೂ 26 ಬಂದ ಪಕ್ಕದ ತೋಟದ ಕಾಫಿಗೂ ಒಂದೇ ದರ ಹೇಗಾಯಿತೆಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಸಹೋದ್ಯೋಗಿಯನ್ನು ವಿಚಾರಿಸಿದರೆ, "ಫೈಲ್ ಅಲ್ಲೇ ಇತ್ತಲ್ಲ ಸರ್, ಬೇಕಿರಬಹುದು ಅಂದುಕೊಂಡೆ" ಎಂದರು. ಮುಖ್ಯ ಬ್ರಾಂಚಿನ ಲಾಗಿನಲ್ಲಿ (ಬದಲಾವಣೆಗಳ ಇತಿಹಾಸದಲ್ಲಿ) ಆ ಫೈಲಿನ ಹೆಸರು ಕೊಟ್ಟು ನೋಡಿದ್ದರೆ ಯಾರು, ಎಂದು, ಏಕೆ ಅಳಿಸಿದರು ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಸಾಲು ಸೇರಿಸಿದವರ ಶ್ರಮಕ್ಕೆ ಇರುವ ಬೆಲೆ ತೆಗೆದವರ ಶ್ರಮಕ್ಕೆ ಏಕಿಲ್ಲ? ರಿಬೇಸ್ ಮಾಡುವಾಗ (ನಮ್ಮ ಬದಲಾವಣೆಗಳನ್ನು ಇನ್ನೊಂದು ಬ್ರಾಂಚಿನ ಮೇಲೆ ಮತ್ತೆ ಕೂರಿಸುವಾಗ) 'ನಮ್ಮದು', 'ಅವರದು' ಎಂಬ ಗುರುತುಗಳು ಅದಲುಬದಲಾಗಿ ಗೊಂದಲ ಹುಟ್ಟಿಸುತ್ತವೆ, ಅದನ್ನು ನಾನೂ ಒಪ್ಪುತ್ತೇನೆ; ಆದರೆ ಇಲ್ಲಿ ನಡೆದದ್ದು ಸರಳವಾದ ಮರ್ಜ್.

ಅವರ ತಿದ್ದುಪಡಿ ಸರಿಯಾಗಿಯೇ ಇತ್ತು. ಅದನ್ನು ಹೊಸ ಫೈಲಿಗೆ ಸಾಗಿಸಿ, ಹಳೆಯದನ್ನು ಮತ್ತೆ ಅಳಿಸಿ, ಆ ವಾರದ ಚೀಟಿಗಳನ್ನೆಲ್ಲ ಮರಳಿ ಲೆಕ್ಕ ಹಾಕುವಷ್ಟರಲ್ಲಿ ನನ್ನ ಭಾನುವಾರ ಮುಗಿದಿತ್ತು.