ಅಡಿಕೆ ತೋಟದ ನೊಬೆಲ್ ಪಂಡಿತರು

ಮತ್ತೆ ಅದೇ ಸುದ್ದಿ. ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟಾಯ್ತು, ಕೊನೆ ಭಾಗಕ್ಕೆ ಮುಟ್ಟಿಲ್ಲ, ರೈತರು ರಸ್ತೆಗಿಳಿದರು, ಅಕ್ರಮ ಪಂಪ್‌ಸೆಟ್ ತೆರವಿಗೆ ಅಧಿಕಾರಿಗಳ ಖಡಕ್ ಸೂಚನೆ. ಸೂಚನೆ ಯಾವಾಗಲೂ ಖಡಕ್ಕೇ, ಗಮನಿಸಿ. ಮೆತ್ತಗೆ ಸೂಚಿಸುವ ಅಧಿಕಾರಿ ಇನ್ನೂ ದಾವಣಗೆರೆಗೆ ವರ್ಗವಾಗಿ ಬಂದಿಲ್ಲ.

ನನಗಂತೂ ನಾಲೆಗೆ ಪೈಪು ಇಳಿಬಿಟ್ಟವರ ಬುದ್ಧಿ ಬಗ್ಗೆ ಭಾರೀ ಗೌರವ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದ ಜಾನ್ ನ್ಯಾಶ್ ಎಂಬ ಹುಡುಗ 1950ರಲ್ಲಿ ಬರೆದದ್ದಕ್ಕೆ 1994ರಲ್ಲಿ ನೊಬೆಲ್ ಬಂತು. ಎಲ್ಲರೂ ತಂತಮ್ಮ ಲೆಕ್ಕ ಹಾಕಿ ಒಂದು ಕಡೆ ನಿಂತಿರುತ್ತಾರೆ. ಒಬ್ಬನೇ ದಾರಿ ಬದಲಿಸಿದರೆ ಅವನಿಗೇನೂ ಗಿಟ್ಟಲ್ಲ. ಹಾಗಾಗಿ ಯಾರೂ ಅಲ್ಲಾಡುವುದಿಲ್ಲ. ಇಷ್ಟೇ ಅದರ ತಿರುಳು. ನಮ್ಮವರು ಇದನ್ನು ಪ್ರಿನ್ಸ್‌ಟನ್‌ಗೆ ಹೋಗದೆಯೇ ಕಲಿತಿದ್ದಾರೆ. "ನಾನು ಮೋಟ್ರು ಎತ್ತಿದ್ರೆ ಪಕ್ಕದೋನು ಎತ್ತಾನೇನ್ರಿ? ನನ್ ನೀರೂ ಅವನ ಅಡಿಕೆಗೇ ಹೋಗುತ್ತೆ." ಸರಿಯಾಗೇ ಇದೆ, ಅಲ್ವಾ? ಪಕ್ಕದವನನ್ನು ಕೇಳಿ, ಅವನದೂ ಇದೇ ಮಾತು. ಹೀಗೆ ಪ್ರತಿಯೊಬ್ಬನ ಲೆಕ್ಕವೂ ಸರಿಹೋಗಿ, ಮಲೇಬೆನ್ನೂರಿನ ಆಚೆ ಭತ್ತದ ಗದ್ದೆ ಬಿರುಕು ಬಿಡುತ್ತದೆ.

ಹಾಗಂತ ನಮ್ಮ ಜನಕ್ಕೆ ಕೂಡಿ ಬಾಳಲು ಬರಲ್ಲ ಅನ್ನಬೇಡಿ. ಮದುವೆ ಛತ್ರದ ಬಾಗಿಲಲ್ಲಿ ಮುಯ್ಯಿ ಬರೆಯುವ ದೊಡ್ಡಪ್ಪನನ್ನು ನೋಡಿ. ಅವರು ನಮ್ಮ ಮನೆ ಮದುವೆಗೆ ಐನೂರು ಹಾಕಿದ್ದರೆ ನಾವೂ ಐನೂರು. ಅವರು ಬರಲೇ ಇಲ್ಲವೋ, ನಮಗೂ ಅವತ್ತು ಮೈ ಹುಷಾರಿರಲ್ಲ. 1980ರ ಸುಮಾರಿಗೆ ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪಂದ್ಯ ಇಟ್ಟಿದ್ದರು. ಸಹಕರಿಸುವುದೋ, ಕೈ ಕೊಡುವುದೋ, ಇದೇ ಆಟ. ವಿದ್ವಾಂಸರು ಏನೇನೋ ಕುತಂತ್ರದ ಪ್ರೋಗ್ರಾಂ ಕಳಿಸಿದರು. ಗೆದ್ದದ್ದು ಎಲ್ಲಕ್ಕಿಂತ ಪುಟ್ಟದು, ಅನಟೋಲ್ ರಾಪೊಪೋರ್ಟ್ ಕಳಿಸಿದ್ದು. ಮೊದಲು ನಂಬು, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ಮಾಡು. ದೊಡ್ಡಪ್ಪನ ಪುಸ್ತಕ ಅವರಿಗೆ ಯಾರು ತೋರಿಸಿದರೋ!

ಆದರೆ ಆ ಪುಸ್ತಕ ನಡೆಯುವುದು ಮುಖ ಗೊತ್ತಿದ್ದರೆ, ಮತ್ತೆ ಸಿಗುತ್ತಾರೆ ಅಂತಿದ್ದರೆ. ಮೇಲಿನ ಅಡಿಕೆಯವನೂ ಕೆಳಗಿನ ಭತ್ತದವನೂ ಒಂದೇ ಮದುವೆಯಲ್ಲಿ ಉಣ್ಣುವುದಿಲ್ಲ. ಕೆಳಗಿನವನು ತಿರುಗಿ ಏನು ಮಾಡಿಯಾನು? ನೀರು ಹಿಂದಕ್ಕೆ ಹರಿಯಲ್ಲ. ಸರ್ಕಾರ ಇವರಿಬ್ಬರಿಗೂ ಬೀಗತನ ಮಾಡಿಸಲಿ. ಸಾಮೂಹಿಕ ವಿವಾಹಕ್ಕೆ ನಾಲೆ ಹೂಳು ತೆಗೆಸುವುದಕ್ಕಿಂತ ಖರ್ಚು ಕಮ್ಮಿ.

2009ರಲ್ಲಿ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್ ಹೇಳಿದ್ದು ಬೇರೆ. ನೀರು ಬಳಸುವವರೇ ಕೂತು ನಿಯಮ ಮಾಡಿ, ಕಾವಲಿಟ್ಟು, ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು ಹಾಕಿದ ಕಡೆ ಹಂಚಿಕೆ ನಿಂತಿದೆ. ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನು ಹೇಳಿದರೆ ಮುಗೀತು.

ಈಗ ಜೀಪು ಬರುತ್ತದೆ. ಜೀಪಿಗಿಂತ ಮೊದಲು ಫೋನು ಬರುತ್ತದೆ. ನಾಕು ಪೈಪು ಎಳೆದು ಫೋಟೋ ತೆಗೆಸಿಕೊಂಡು ಜೀಪು ಹೋದ ಸಂಜೆಯೇ ಮೋಟ್ರು ವಾಪಸ್. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಾಲ ತಂದು ಸಸಿಮಡಿ ಮಾಡಿದವನ ಕಣ್ಣೆದುರೇ ಸಸಿ ಒಣಗುತ್ತದೆ. ಕದಿಯುವವನಿಗೆ ಖರ್ಚಿಲ್ಲ, ಕಾಯುವವನಿಗೆ ಕೇಳುವವರಿಲ್ಲ. ಇಷ್ಟು ವರ್ಷದಿಂದ ಇದು ಯಾರಿಗೆ ಗೊತ್ತಿಲ್ಲ ಹೇಳಿ?

ಇನ್ನು ನೀರಾವರಿ ಸಲಹಾ ಸಮಿತಿ ಸಭೆ ಕೂರುತ್ತದೆ. ನಾಲೆಗೆ ನೀರು ಆನ್ ಎಷ್ಟು ದಿನ, ಆಫ್ ಎಷ್ಟು ದಿನ ಅಂತ ಜಗಳ ಆಗುತ್ತದೆ. ಆಫ್ ಬಗ್ಗೆ ಕೊನೆ ಭಾಗದವರ ತಕರಾರೇನೂ ಇಲ್ಲ. ಅದು ಪ್ರತಿ ಸಲವೂ ಟೈಮಿಗೆ ಸರಿಯಾಗಿ ಮುಟ್ಟುತ್ತಿದೆ.